ಹಳೆ ಆಲ್ಟೊದಲ್ಲಿ ಗೊರಗೊರ ಸದ್ದು, ಬ್ರೇಕ್ ಪ್ಯಾಡ್ ಬದಲಿಸಿದರೂ ಹೋಗಿಲ್ಲ, ಘಟ್ಟ ಹತ್ತಿಳಿಯುವವರು ಸ್ವಲ್ಪ ನೋಡಿ

ಕುಮಟಾ ಆಲ್ಟೊ (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನದು 2006ರ ಆಲ್ಟೊ, 796 ಸಿಸಿ. ಓಡಿದ್ದು 1,12,000 ಕಿ.ಮೀ. ಅಪ್ಪ ತೆಗೆದುಕೊಂಡ ಗಾಡಿ. 2021ರಲ್ಲಿ ಆರ್.ಸಿ. ರಿನೀವಲ್ ಮಾಡಿಸಿದ ಮೇಲೆ ನಾನೇ ಓಡಿಸುತ್ತಿದ್ದೇನೆ. ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬರಬೇಕು, ಕೆಲಸ ಅಲ್ಲೇ.

ಎರಡು ತಿಂಗಳಿಂದ ಒಂದು ಸದ್ದು. ಒಣ ಬೀಸುಕಲ್ಲು ತಿರುಗಿಸಿದ ಹಾಗೆ, ಗೊರಗೊರ ಅಂತ. 40ರ ಮೇಲೆ ಶುರು, 60ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಮಾತು ಸರಿಯಾಗಿ ಕೇಳುವುದಿಲ್ಲ. ಮೊದಲು ಒಂದು ಗ್ಯಾರೇಜಲ್ಲಿ ಬ್ರೇಕ್ ಪ್ಯಾಡ್ ಅಂದರು, ಬದಲಿಸಿದೆ. ಹೋಗಲಿಲ್ಲ. ಆಮೇಲೆ ಟಯರ್ ಅಂದರು. ಮುಂದಿನ ಎರಡೂ ಹೊಸದು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದೆ. ಆಗಲೂ ಹೋಗಲಿಲ್ಲ. ಈಗ ಇನ್ನೊಂದು ಕಡೆ ಗೇರ್ ಬಾಕ್ಸ್ ಇಳಿಸಬೇಕು, 18 ಸಾವಿರ ಆಗಬಹುದು ಅನ್ನುತ್ತಿದ್ದಾರೆ. ಈ ಗಾಡಿಗೆ ಅಷ್ಟು ಹಾಕುವುದೋ ಬೇಡವೋ ಅಂತ ಮನೆಯಲ್ಲಿ ದಿನಾ ಮಾತು. ಅಪ್ಪನಿಗೆ ಮಾರುವ ಮನಸ್ಸಿಲ್ಲ, ನನಗೂ ಇಲ್ಲ. ಯಾರಿಗಾದರೂ ಹೀಗೆ ಆಗಿತ್ತಾ?

ಸಿದ್ದಾಪುರ ಭಾವ

ಗೇರ್ ಬಾಕ್ಸ್ ಇಳಿಸುವ ಮೊದಲು ಅದರ ಆಯಿಲ್ ನೋಡಿಸಿ. ಆಕ್ಸಲ್ ಸೀಲಿನಿಂದ ಸೋರಿ ಸೋರಿ ಆಯಿಲ್ ಕಮ್ಮಿ ಆಗಿದ್ದರೆ ಹೀಗೇ ಊಳಿಡುತ್ತದೆ. ಪಕ್ಕದ ಪ್ಲಗ್ ಬಿಚ್ಚಿದರೆ ಆಯಿಲ್ ತೂತಿನ ಅಂಚಿನವರೆಗೆ ಇರಬೇಕು. ಸ್ವಲ್ಪ ಬೆರಳಲ್ಲಿ ತೆಗೆದು ಉಜ್ಜಿ ನೋಡಿ. ಬೆಳ್ಳಿ ಪುಡಿ ಹಾಗೆ ಹೊಳಪು ಜಾಸ್ತಿ ಇದ್ದರೆ ಒಳಗೆ ಏನೋ ಸವೆದಿದೆ ಅಂತ ಅರ್ಥ. ನನ್ನ ಹಳೆ ಓಮ್ನಿಯಲ್ಲಿ ಹೀಗೇ ಆಗಿತ್ತು.

ಅಂಕೋಲಾ ಅಕ್ಕ

ನಮ್ಮ ಕಾರಲ್ಲಿ ಸದ್ದು ಬಂದಾಗ ಕಾರಣ ಒಂದು ಸಣ್ಣ ಕಲ್ಲು. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತೆಳ್ಳಗಿನ ತಗಡಿಗೂ ಮಧ್ಯೆ ಸಿಕ್ಕಿಕೊಂಡಿತ್ತು. ರಸ್ತೆ ಕೆಲಸ ನಡೆಯುವ ಕಡೆ ಓಡಾಡಿದರೆ ಇದು ಆಗುತ್ತಲೇ ಇರುತ್ತದೆ. ರಿವರ್ಸ್ ತೆಗೆದಾಗ ಸದ್ದು ಬೇರೆ ಥರ ಆಗುತ್ತದಾ ನೋಡಿ ತಮ್ಮಾ.

ಕೋಡಿಬಾಗ ಮೇಸ್ತ್ರಿ

ತಮ್ಮಾ, ನಾನು ಕಾರವಾರದಲ್ಲಿ 30 ವರ್ಷ ಗಾಡಿ ಕೆಲಸ ಮಾಡಿದವನು. ಈಗ ಬಿಟ್ಟಿದ್ದೇನೆ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಪ್ಯಾಡ್ ಬದಲಿಸಿದೆ, ಟಯರ್ ಬದಲಿಸಿದೆ, ಈಗ ಗೇರ್ ಬಾಕ್ಸಿಗೆ ಬಂದಿದ್ದೀಯಾ. ಆದರೆ ಆ ಸದ್ದು ಯಾವುದರ ಜೊತೆ ಹೋಗುತ್ತದೆ ಅಂತ ಇಲ್ಲಿವರೆಗೆ ಯಾರೂ ನೋಡಿಲ್ಲ. ಅದನ್ನು ನೋಡದೆ ಒಂದು ರೂಪಾಯಿ ಕೂಡ ಹಾಕಬೇಡ.

ಗಾಡಿಯಲ್ಲಿ ತಿರುಗುವ ಸಾಮಾನು ಎಲ್ಲ ಒಂದೇ ಲೆಕ್ಕದಲ್ಲಿ ತಿರುಗುವುದಿಲ್ಲ. ಚಕ್ರ, ಹಬ್, ಡಿಸ್ಕ್, ಡ್ರಮ್ಮು ರಸ್ತೆಯ ವೇಗದಲ್ಲಿ ತಿರುಗುತ್ತವೆ. ಡೈನಮೋ, ನೀರಿನ ಪಂಪು ಇಂಜಿನ್ ವೇಗದಲ್ಲಿ. ಕ್ಲಚ್ಚಿನ ರಿಲೀಸ್ ಬೇರಿಂಗಿಗೆ ಕ್ಲಚ್ ಒತ್ತಿದಾಗ ಮಾತ್ರ ಭಾರ. ಹಾಗಾಗಿ ಸದ್ದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ಸರಿಯಾಗಿ ಕೇಳಿದರೆ ಅರ್ಧ ಗಾಡಿ ಪಟ್ಟಿಯಿಂದ ಹೊರಗೆ ಹೋಗುತ್ತದೆ.

ನಾಳೆ ಭಾನುವಾರ. ಬೆಳಿಗ್ಗೆ ಬೇಗ, ಲಾರಿ ಕಮ್ಮಿ ಇರುವಾಗ, ಮಿರ್ಜಾನ ದಾಟಿ ಹೆದ್ದಾರಿಯಲ್ಲಿ ಹೋಗು. ಸಪಾಟು ನೇರ ಜಾಗ ಸಿಗುತ್ತದೆ. ಮೊದಲು ಗಾಡಿ ನಿಲ್ಲಿಸಿ ನ್ಯೂಟ್ರಲ್ಲಲ್ಲಿ ಆಕ್ಸಿಲರೇಟರ್ ಕೊಡು. ಸದ್ದು ಬಂದರೆ ಇಂಜಿನ್ ಕಡೆಯದ್ದು. ಬರದಿದ್ದರೆ 60ಕ್ಕೆ ಹೋಗಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಗಾಡಿಯನ್ನು ಹಾಗೇ ಹೋಗಲು ಬಿಡು. ಇಂಜಿನ್ ಆಫ್ ಮಾಡಲೇಬೇಡ. ಆಫ್ ಮಾಡಿದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಘಟ್ಟದ ಇಳಿಜಾರಲ್ಲಂತೂ ಇದನ್ನು ಮಾಡಲೇಬಾರದು. ಇಂಜಿನ್ ವೇಗ ಇಳಿದರೂ ಗೊರಗೊರ ಹಾಗೇ ಇದ್ದು, ಗಾಡಿ ನಿಧಾನ ಆದ ಹಾಗೆ ಅದೂ ನಿಧಾನ ಆದರೆ ಅದು ಚಕ್ರದ ಜೊತೆ ತಿರುಗುವ ಸಾಮಾನಿನದ್ದೇ.

ಬಂದು ಹೇಳು.

ಬಿಣಗಾದವ

ಮೇಸ್ತ್ರಿಗಳು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಕಡಲ ಬದಿ ಇರುವವರಿಗೆ ಬೆಳಿಗ್ಗೆ ಗಾಡಿ ತೆಗೆದ ತಕ್ಷಣ ಕರಕರ ಅಂತ ಸದ್ದು ಬರುವುದು ಮಾಮೂಲು. ರಾತ್ರಿ ಉಪ್ಪುಗಾಳಿಗೆ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ. ಮೂರು ನಾಲ್ಕು ಬ್ರೇಕಿಗೆ ಹೋಗುತ್ತದೆ. ಅದಕ್ಕೆ ಹೆದರುವುದು ಬೇಡ. ಮಳೆಗಾಲದಲ್ಲಿ ಎರಡು ದಿನ ನಿಂತ ಗಾಡಿಯಲ್ಲಂತೂ ಇನ್ನೂ ಜಾಸ್ತಿ.

ಕುಮಟಾ ಆಲ್ಟೊ (ಭಾನುವಾರ ಮಧ್ಯಾಹ್ನ)

ಹೋಗಿ ಬಂದೆ ಮೇಸ್ತ್ರಿಗಳೇ. ನಿಂತಲ್ಲಿ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಸದ್ದಿಲ್ಲ. 60ರಲ್ಲಿ ನ್ಯೂಟ್ರಲ್ ಮಾಡಿದೆ. ಸದ್ದು ಹಾಗೇ ಇತ್ತು, ಚೂರೂ ಬದಲಾಗಲಿಲ್ಲ. 40ರ ಕೆಳಗೆ ಬಂದ ಮೇಲೆ ನಿಧಾನಕ್ಕೆ ಕಮ್ಮಿ ಆಯಿತು. ಎರಡು ಸಲ ಮಾಡಿ ನೋಡಿದೆ, ಎರಡು ಸಲವೂ ಹಾಗೇ.

ಭಾವ, ಗೇರ್ ಆಯಿಲ್ ಕೂಡ ನೋಡಿಸಿದೆ. ಅಂಚಿನವರೆಗೆ ಇದೆ, ಹೊಳಪೇನೂ ಕಾಣಲಿಲ್ಲ. ಅಕ್ಕಾ, ರಿವರ್ಸಲ್ಲಿ ಒಂದು ಸಣ್ಣ ಕಿರ್ ಅಂತ ಬರುತ್ತದೆ, ಆದರೆ ಅದು ಈ ಗೊರಗೊರದ ಹಾಗಿಲ್ಲ.

ಸಿದ್ದಾಪುರ ಭಾವ

ಹಾಗಾದರೆ ನನ್ನ ಲೆಕ್ಕ ತಪ್ಪು. ಒಳ್ಳೆಯದೇ ಆಯಿತು, 18 ಸಾವಿರ ಉಳಿಯಿತು.

ಕೋಡಿಬಾಗ ಮೇಸ್ತ್ರಿ

ಗೇರ್ ಬಾಕ್ಸ್ ಇಳಿಸುವುದು ಬೇಡ. ಈಗ ಉಳಿದಿದ್ದು ಬ್ರೇಕು, ಟಯರು, ಬೇರಿಂಗು (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ). ಆಕ್ಸಲ್ ಜಾಯಿಂಟ್ ಕೂಡ ಇದೆ, ಆದರೆ ಅದು ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಅನ್ನುತ್ತದೆ, ಹೀಗೆ ಗೊರಗುಟ್ಟುವುದು ಕಮ್ಮಿ. ಅದರ ರಬ್ಬರ್ ಬೂಟ್ ಹರಿದಿದೆಯಾ ನೋಡಿಬಿಡು ಸಾಕು.

ಬ್ರೇಕನ್ನು ಬೇರೆ ಮಾಡುವುದು ಸುಲಭ. ಸದ್ದು ಇರುವಾಗ ಬ್ರೇಕನ್ನು ಹಗುರವಾಗಿ ಒತ್ತು. ಸದ್ದು ಬದಲಾದರೆ, ನಿಂತರೆ, ಇಲ್ಲಾ ಜಾಸ್ತಿಯಾದರೆ ಬ್ರೇಕ್ ಕಡೆ ನೋಡಬೇಕು. ಪ್ಯಾಡ್ ಹೊಸದು ಹಾಕಿದ್ದೀಯಾ ಸರಿ, ಆದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿದ್ದರೆ ಒಳಗಿನ ಪ್ಯಾಡ್ ಒಂದೇ ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದವನಿಗೆ ಹೊರಗಿನ ಪ್ಯಾಡ್ ದಪ್ಪ ಕಾಣುತ್ತದೆ, ಸರಿ ಇದೆ ಅಂತ ಬಿಡುತ್ತಾನೆ. ನಾನು ಇಂಥದ್ದು ತುಂಬಾ ನೋಡಿದ್ದೇನೆ. ಉಪ್ಪುಗಾಳಿಯ ಊರಲ್ಲಿ ಪಿನ್ನಿಗೆ ಗ್ರೀಸ್ ಇಲ್ಲದಿದ್ದರೆ ಜಾಮ್ ಆಗುವುದು ಬೇಗ.

ಟಯರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಹೊಸ ಡಾಂಬರಲ್ಲಿ ಒಂದು, ಕಾಂಕ್ರೀಟಲ್ಲಿ ಇನ್ನೊಂದು. ಬೇರಿಂಗಿನದ್ದು ಎಲ್ಲ ಕಡೆ ಒಂದೇ ಥರ.

ಇನ್ನು ಬೇರಿಂಗು. 50ರಲ್ಲಿ ಹೋಗುವಾಗ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸು. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆ ಬೇರಿಂಗಿನ ಮೇಲೆ ಅನುಮಾನ. ಬಲಕ್ಕೆ ತಿರುಗಿದಾಗ ಏರಿದರೆ ಎಡಗಡೆ. ಇದು ಗುರುತು ಮಾತ್ರ, ತೀರ್ಪಲ್ಲ. ಕೆಲವು ಸಲ ಉಲ್ಟಾ ಕೂಡ ಆಗುತ್ತದೆ.

ಹೊನ್ನಾವರ ಟ್ಯಾಕ್ಸಿ

ಗೇರುಸೊಪ್ಪೆ ಘಟ್ಟದಲ್ಲಿ ಓಡಿಸುವವನು ನಾನು. ನಾವು ಮಾಡುವ ಇನ್ನೊಂದು ಪರೀಕ್ಷೆ ಇದೆ. ಸಪಾಟು ರಸ್ತೆಯಲ್ಲಿ 15-20 ಕಿ.ಮೀ. ಹೋಗಿ, ಆದಷ್ಟು ಬ್ರೇಕ್ ಹಾಕದೆ ಗಾಡಿ ನಿಲ್ಲಿಸಿ ಇಳಿದು, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯುವುದು. ಮುಟ್ಟಬಾರದು, ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಮಾತ್ರ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲಾ ಬೇರಿಂಗ್ ಹೋಗುತ್ತಾ ಇದೆ. ಘಟ್ಟ ಇಳಿದ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎಲ್ಲವೂ ಬಿಸಿ ಇರುತ್ತವೆ.

ಮತ್ತೆ, ಬೇರಿಂಗ್ ಅನುಮಾನ ಇದ್ದರೆ ಘಟ್ಟಕ್ಕೆ ಆ ಗಾಡಿ ತೆಗೆದುಕೊಂಡು ಹೋಗಬೇಡಿ ಮಾರಾಯ್ರೆ. ಪೂರ್ತಿ ಹೋದರೆ ಚಕ್ರ ಅಲ್ಲಾಡಲು ಶುರು ಆಗುತ್ತದೆ, ತಿರುವಲ್ಲಿ ಅದು ಆಗಬಾರದು. ವಾರಕ್ಕೆ ಎರಡು ದಿನ ಬಸ್ಸಿಗೆ ಹೋಗಿ.

ಕುಮಟಾ ಆಲ್ಟೊ (ಸೋಮವಾರ ರಾತ್ರಿ)

ಇವತ್ತು ಬಸ್ಸಿಗೇ ಹೋದೆ. ಸಂಜೆ ಬಂದು ಗೋಕರ್ಣ ಕ್ರಾಸಿನ ತನಕ ಗಾಡಿ ಓಡಿಸಿ ನೋಡಿದೆ.

ಬ್ರೇಕ್ ಒತ್ತಿದರೆ ಸದ್ದಲ್ಲಿ ವ್ಯತ್ಯಾಸ ಇಲ್ಲ. ರಸ್ತೆ ಬದಲಾದರೂ ಇಲ್ಲ. ಎಡಕ್ಕೆ ತಿರುಗಿಸಿದಾಗ ಜಾಸ್ತಿ ಆಗುತ್ತದೆ, ಬಲಕ್ಕೆ ತಿರುಗಿಸಿದಾಗ ಪೂರ್ತಿ ನಿಲ್ಲುವುದಿಲ್ಲ, ಕಮ್ಮಿ ಆಗುತ್ತದೆ. ಬಿಸಿ ನೋಡಿದೆ, ಬಲಗಡೆ ಹಿಂದಿನದ್ದು ಸ್ವಲ್ಪ ಜಾಸ್ತಿ ಅನ್ನಿಸಿತು. ಆದರೆ ಖಾತ್ರಿ ಇಲ್ಲ. ಯಾಕೆಂದರೆ ಸದ್ದು ನನಗೆ ಮುಂದಿನಿಂದಲೇ ಕೇಳುತ್ತದೆ, ನನ್ನ ಕಾಲಿನ ಹತ್ತಿರ. ಹಾಗಾಗಿ ಮುಂದಿನ ಬಲಗಡೆ ಬೇರಿಂಗ್ ಅಂದುಕೊಂಡಿದ್ದೇನೆ. ನಾಳೆ ತರಿಸಲಾ?

ಕೋಡಿಬಾಗ ಮೇಸ್ತ್ರಿ

ತರಿಸಬೇಡ. ಇನ್ನೊಂದು ದಿನ ತಡಿ.

ಗಾಡಿಯ ಒಳಗೆ ಕೂತವನ ಕಿವಿಯನ್ನು ನಂಬುವ ಹಾಗಿಲ್ಲ. ಸದ್ದು ತಗಡಿನಲ್ಲಿ ಓಡುತ್ತದೆ. ಹಿಂದಿನ ಸದ್ದು ನೆಲದ ತಗಡು ಹಿಡಿದು ಮುಂದೆ ಬಂದು ಕಾಲ ಬುಡದಲ್ಲಿ ಕೇಳುತ್ತದೆ. ಮುಂದಿನ ಬೇರಿಂಗ್ ಆಲ್ಟೊದಲ್ಲಿ ಪ್ರೆಸ್ ಹಾಕಿ ತೆಗೆಯಬೇಕು, ಕೆಲಸ ಜಾಸ್ತಿ. ತಪ್ಪಿ ಅದನ್ನು ಬಿಚ್ಚಿದರೆ ಚೆನ್ನಾಗಿದ್ದ ಬೇರಿಂಗ್ ಕೂಡ ತೆಗೆಯುವಾಗಲೇ ಹಾಳಾಗುತ್ತದೆ.

ಕೈಯಲ್ಲೇ ಹಿಡಿಯಬಹುದು ಇದನ್ನು. ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸು. ಅಂಗಳದ ಕೆಂಪು ಮಣ್ಣಲ್ಲಿ ಬೇಡ, ಜಾಕ್ ಕುಸಿಯುತ್ತದೆ.

ಮುಂದಿನ ಚಕ್ರ ಎತ್ತುವಾಗ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಚಿರೆಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಲ್ಲಿ ಇಡು. ಗೇರಲ್ಲಿ ಇದ್ದರೆ ಚಕ್ರ ತಿರುಗುವುದಿಲ್ಲ. ಹಿಂದಿನದ್ದು ಎತ್ತುವಾಗ ಉಲ್ಟಾ. ಒಂದನೇ ಗೇರ್ ಹಾಕಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಡು. ಒಂದು ಸಲಕ್ಕೆ ಒಂದೇ ಚಕ್ರ. ಸ್ಟೆಪ್ನಿಯನ್ನು ಗಾಡಿಯ ಅಡಿಗೆ ಮಲಗಿಸಿಡು. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರಲಿ. ನೀನು ಮಾತ್ರ ಅಡಿಗೆ ತಲೆ ಹಾಕಬೇಡ.

ಈಗ ಒಂದು ಕೈಯಲ್ಲಿ ಚಕ್ರ ತಿರುಗಿಸು, ಇನ್ನೊಂದು ಕೈಯನ್ನು ಆ ಚಕ್ರದ ಹತ್ತಿರ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಡು. ಬೆರಳು ಮಧ್ಯೆ ಸಿಗದ ಹಾಗೆ ಇಡು. ಬೇರಿಂಗ್ ಚೆನ್ನಾಗಿದ್ದರೆ ಸ್ಪ್ರಿಂಗಲ್ಲಿ ಏನೂ ಗೊತ್ತಾಗುವುದಿಲ್ಲ. ಹೋಗಿದ್ದರೆ ಜುಂ ಅಂತ ಒರಟು ನಡುಕ ಕೈಗೆ ಬರುತ್ತದೆ. ಕಿವಿಗೆ ಕೇಳದಿದ್ದರೂ ಕೈಗೆ ಸಿಗುತ್ತದೆ. ಹಿಂದೆ ಬ್ರೇಕ್ ಶೂ ಡ್ರಮ್ಮಿಗೆ ತಾಗಿದರೆ ಸರ್ ಸರ್ ಅಂತ ಬರುತ್ತದೆ, ಅದರಿಂದ ಮೋಸ ಹೋಗಬೇಡ. ಆಮೇಲೆ ಟಯರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸು. ಟೊಕ್ ಟೊಕ್ ಅಂತ ಆಟ, ಅಂದರೆ ಸಡಿಲ ಇದ್ದರೆ ಅದೂ ಗುರುತೇ.

ನಾಲ್ಕೂ ಚಕ್ರ ನೋಡು. ಒಂದು ಸಿಕ್ಕಿತು ಅಂತ ಉಳಿದಿದ್ದನ್ನು ಬಿಡಬೇಡ.

ಶಿರಸಿ ತೋಟ

ಈ ಸ್ಪ್ರಿಂಗ್ ಮೇಲೆ ಕೈ ಇಡುವ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ 800ಕ್ಕೆ ಮೂರು ವರ್ಷದ ಹಿಂದೆ ಹೀಗೆ ಆದಾಗ ಎರಡೂ ಮುಂದಿನ ಬೇರಿಂಗ್ ಬದಲಿಸಿ, ಆಮೇಲೆ ಟಯರ್ ಅಂತ ಗೊತ್ತಾಯಿತು. ಟಯರಿನ ಮೇಲೆ ಕೈ ಸವರಿದರೆ ಉಬ್ಬು ತಗ್ಗು ಇತ್ತು. ಹಿಂದಿನ ಟಯರ್ ಮುಂದೆ ಹಾಕಿ ನೋಡಿದ್ದರೆ ಸದ್ದೂ ಜಾಗ ಬದಲಿಸುತ್ತಿತ್ತು, ಅಷ್ಟಕ್ಕೇ ಗೊತ್ತಾಗುತ್ತಿತ್ತು. ಆಗ ಹೇಳುವವರು ಯಾರೂ ಇರಲಿಲ್ಲ.

ಕುಮಟಾ ಆಲ್ಟೊ (ಬುಧವಾರ)

ಸಿಕ್ಕಿತು!

ಗಿಬ್ ಸರ್ಕಲ್ ಕಡೆ ಇರುವ ಗೆಳೆಯನ ಮನೆಯ ಸಿಮೆಂಟ್ ಅಂಗಳದಲ್ಲಿ ನಾಲ್ಕೂ ಚಕ್ರ ಎತ್ತಿ ನೋಡಿದೆವು. ಮುಂದಿನ ಎರಡೂ ಬೆಣ್ಣೆಯ ಹಾಗೆ ತಿರುಗಿದವು. ಹಿಂದಿನ ಎಡ ಪರವಾಗಿಲ್ಲ. ಹಿಂದಿನ ಬಲಗಡೆ ಚಕ್ರ ತಿರುಗಿಸಿ ಸ್ಪ್ರಿಂಗಿಗೆ ಕೈ ಇಟ್ಟೆ, ಮರಳು ತುಂಬಿದ ಡಬ್ಬಿ ತಿರುಗಿಸಿದ ಹಾಗಾಯಿತು. ಗೆಳೆಯನ ಹತ್ತಿರವೂ ಕೈ ಇಡಿಸಿದೆ, ಅವನು ತಕ್ಷಣ ನನ್ನ ಮುಖ ನೋಡಿದ. ಅಲ್ಲಾಡಿಸಿದರೆ ಸಣ್ಣ ಆಟವೂ ಇದೆ.

ಎರಡು ತಿಂಗಳು ಮುಂದೆ ಮುಂದೆ ಹುಡುಕಿದ್ದು ಪೂರ್ತಿ ಹಿಂದೆ ಇತ್ತು. ಮೇಸ್ತ್ರಿಗಳೇ, ನೀವು ತಡಿ ಅನ್ನದಿದ್ದರೆ ನಾನು ಮುಂದಿನದ್ದನ್ನು ಬಿಚ್ಚಿಸಿಯೇ ಬಿಡುತ್ತಿದ್ದೆ.

ಕೋಡಿಬಾಗ ಮೇಸ್ತ್ರಿ

ಕೈಗೆ ಸಿಕ್ಕಿತಲ್ಲ, ಇನ್ನು ಹೆದರಬೇಡ. ಆಲ್ಟೊ ಹಿಂದಿನ ಡ್ರಮ್ಮಿನಲ್ಲೇ ಬೇರಿಂಗ್ ಕೂರುವುದು. ಒಳಗೊಂದು, ಹೊರಗೊಂದು, ಮಧ್ಯೆ ಒಂದು ಸ್ಪೇಸರ್. ಎರಡನ್ನೂ ಒಟ್ಟಿಗೆ ಬದಲಿಸು, ಒಂದೇ ಹಾಕಬೇಡ. ಸೀಲ್ ಹೊಸದು ಬೇಕು. ನಟ್ಟೂ ಹೊಸದು ಹಾಕಿಸು. ಬೇರಿಂಗ್ ಕೂರಿಸುವಾಗ ಹೊರಗಿನ ರಿಂಗಿನ ಮೇಲೆ ಮಾತ್ರ ಒತ್ತಬೇಕು. ಒಳಗಿನ ರಿಂಗಿಗೆ ಸುತ್ತಿಗೆ ಪೆಟ್ಟು ಬಿದ್ದರೆ ಗುಂಡುಗಳ ದಾರಿಯಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗೇ ಮತ್ತೆ ಸದ್ದು ಮಾಡುತ್ತದೆ. ನಿಂತು ನೋಡು, ನೋಡುವುದಕ್ಕೆ ಸಂಕೋಚ ಬೇಡ. ನಟ್ಟನ್ನು ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಬಿಗಿ ಮಾಡಲು ಹೇಳು.

ಡ್ರಮ್ ಬಿಚ್ಚಿದಾಗ ಹಳೆ ಗ್ರೀಸ್ ಯಾವ ಬಣ್ಣ ಇದೆ ನೋಡಿ ಹೇಳು. ಮತ್ತೆ ಒಂದು ಪ್ರಶ್ನೆ. ಈ ಮಳೆಗಾಲದಲ್ಲಿ ಗಾಡಿ ನೀರಿಗೆ ಇಳಿದಿತ್ತಾ?

ಕುಮಟಾ ಆಲ್ಟೊ (ಶುಕ್ರವಾರ ಸಂಜೆ)

ಇಳಿದಿತ್ತು. ನೀವು ಕೇಳಿದ ಮೇಲೆ ನೆನಪಾಯಿತು. ಜುಲೈನಲ್ಲಿ ಒಂದು ಸಂಜೆ ಶಿರಸಿಯಿಂದ ಘಟ್ಟ ಇಳಿದು ಬಂದೆ, ಜೋರು ಮಳೆ. ಕೆಳಗೆ ಬಂದ ಮೇಲೆ ನಮ್ಮ ಊರಿನ ಒಳ ರಸ್ತೆಯಲ್ಲಿ ಗದ್ದೆಯ ನೀರು ಉಕ್ಕಿ ರಸ್ತೆ ಮೇಲೆ ಬಂದಿತ್ತು. ಅರ್ಧ ಚಕ್ರ ಮುಳುಗುವಷ್ಟು. ಬೇರೆ ದಾರಿ ಇರಲಿಲ್ಲ, ನಿಧಾನ ದಾಟಿದೆ.

ಇವತ್ತು ಡ್ರಮ್ ಬಿಚ್ಚಿದಾಗ ಒಳಗಿನ ಬೇರಿಂಗಿನ ಗ್ರೀಸ್ ಕೆಂಪು ಮಜ್ಜಿಗೆಯ ಹಾಗಿತ್ತು. ಬೆರಳಲ್ಲಿ ಮುಟ್ಟಿದರೆ ಒರಟು. ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ.

ಕೋಡಿಬಾಗ ಮೇಸ್ತ್ರಿ

ಅದೇ ಕಾರಣ ತಮ್ಮಾ. ಘಟ್ಟ ಇಳಿಯುವಾಗ ಬ್ರೇಕ್ ಹಾಕಿ ಹಾಕಿ ಡ್ರಮ್ ಕಾದಿರುತ್ತದೆ. ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ತಣ್ಣೀರಿಗೆ ಇಳಿದರೆ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. 19 ವರ್ಷದ ಸೀಲ್ ಅದನ್ನು ತಡೆಯುವುದಿಲ್ಲ. ನೀರು ಸೇರಿದ ಗ್ರೀಸು ಲೋಹಕ್ಕೆ ಅಂಟುವುದಿಲ್ಲ, ತುಕ್ಕು ಹಿಡಿಯುತ್ತದೆ, ಗುಂಡು ಒರಟಾಗುತ್ತದೆ. ಅವತ್ತೇ ಸದ್ದು ಬರುವುದಿಲ್ಲ, ಒಂದೆರಡು ತಿಂಗಳು ಬಿಟ್ಟು ಬರುತ್ತದೆ. ಅದಕ್ಕೇ ಯಾರಿಗೂ ನೀರಿನ ನೆನಪು ಆಗುವುದಿಲ್ಲ.

ಮುಂದೆ ಹೀಗೆ ಆದರೆ ನೀರಿನ ಈಚೆ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಆರಲು ಬಿಡು. ಘಟ್ಟ ಇಳಿಯುವಾಗ ಎರಡನೇ ಗೇರಲ್ಲೇ ಇಳಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರಬೇಡ.

ಹೊನ್ನಾವರ ಟ್ಯಾಕ್ಸಿ

ಈ ಬಿಸಿ ಡ್ರಮ್ಮಿಗೆ ತಣ್ಣೀರು ಬೀಳುವ ವಿಷಯ ನಮ್ಮ ಸ್ಟ್ಯಾಂಡಿನವರಿಗೆ ಎಲ್ಲ ಹೇಳುತ್ತೇನೆ. ಘಟ್ಟ ಇಳಿದ ತಕ್ಷಣ ಪೈಪ್ ಹಿಡಿದು ಚಕ್ರ ತೊಳೆಯುವವರು ಇದ್ದಾರೆ ನಮ್ಮಲ್ಲಿ.

ಕುಮಟಾ ಆಲ್ಟೊ (ಭಾನುವಾರ)

ನಿನ್ನೆ ಗಾಡಿ ಬಂತು. ಎರಡು ಬೇರಿಂಗ್, ಸೀಲ್, ನಟ್ಟು, ಕೂಲಿ ಎಲ್ಲ ಸೇರಿ 2 ಸಾವಿರದ ಒಳಗೆ ಮುಗಿಯಿತು. ನಿಂತು ನೋಡಿದೆ, ಹೊರಗಿನ ರಿಂಗಿನ ಮೇಲೆಯೇ ಒತ್ತಿ ಕೂರಿಸಿದರು.

ಗೊರಗೊರ ಪೂರ್ತಿ ಹೋಯಿತು. ಆದರೆ ಅದು ಹೋದ ಮೇಲೆ ಇನ್ನೊಂದು ಸಣ್ಣ ಸದ್ದು ಕೇಳಲು ಶುರುವಾಯಿತು. ನಿಧಾನ ಹೋಗುವಾಗ ಕಿರ್ ಕಿರ್, ಮುಂದಿನ ಎಡಗಡೆಯಿಂದ. ಅಕ್ಕಾ, ನೀವು ಮೊದಲ ದಿನವೇ ಹೇಳಿದ್ದಿರಲ್ಲ, ಅದೇ. ಚಕ್ರ ಬಿಚ್ಚಿ ನೋಡಿದರೆ ಡಿಸ್ಕಿನ ಹಿಂದಿನ ತಗಡಲ್ಲಿ ಉಗುರಿನಷ್ಟು ಜಲ್ಲಿ ಚೂರು. ದೇವಿಮನೆಯ ರಸ್ತೆ ಕೆಲಸದ ಕಡೆಯದ್ದೇ ಇರಬೇಕು. ಸ್ಕ್ರೂ ಡ್ರೈವರಲ್ಲಿ ತಗಡು ಚೂರು ಬಗ್ಗಿಸಿದೆ, ಬಿದ್ದು ಹೋಯಿತು. ರಿವರ್ಸಲ್ಲಿ ಬರುತ್ತಿದ್ದ ಕಿರ್ ಇದೇ ಆಗಿತ್ತು.

ಅಂಕೋಲಾ ಅಕ್ಕ

ಒಂದು ಗಾಡಿಯಲ್ಲಿ ಎರಡು ಸದ್ದು ಇದ್ದರೆ ದೊಡ್ಡದು ಸಣ್ಣದನ್ನು ಮುಚ್ಚಿಬಿಡುತ್ತದೆ ಅಲ್ವಾ. ಸಿಕ್ಕಿದ್ದು ಖುಷಿಯಾಯಿತು ತಮ್ಮಾ. ಅಪ್ಪನಿಗೆ ಹೇಳಿದಿರಾ?

ಕುಮಟಾ ಆಲ್ಟೊ

ಅಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋಗಿ ಬಂದೆ ಅಕ್ಕಾ. 60ರಲ್ಲಿ ಕಿಟಕಿ ಮುಚ್ಚಿ ಅಂದರು. ಮುಚ್ಚಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಸುಮ್ನೆ ಕೇಳುತ್ತಾ ಕೂತರು. ಆಮೇಲೆ ಹಿಂದಿನ ಎಡಗಡೆಯದ್ದನ್ನೂ ಬಿಚ್ಚಿಸಿ ನೋಡು, ಅದೂ ಅದೇ ನೀರಲ್ಲಿ ಇಳಿದಿದ್ದಲ್ವಾ ಅಂದರು. ಹೌದಲ್ಲ. ಸೀಲ್ ತರಿಸಲು ಹೇಳಿದ್ದೇನೆ, ಬರುವ ಶನಿವಾರ ಅದನ್ನೂ ಬಿಚ್ಚಿಸುತ್ತೇನೆ. ಗ್ರೀಸಿನ ಬಣ್ಣ ನೋಡಿ ಇಲ್ಲೇ ಬರೆಯುತ್ತೇನೆ ಮೇಸ್ತ್ರಿಗಳೇ.